ಮಾತು ಬಿಟ್ಟ ಜಾಗದಲ್ಲಿ ಚಿತ್ರ

(ಮಕ್ಕಳ ಚಿತ್ರಪುಸ್ತಕಗಳ ಕಲೆ ಮತ್ತು ಕಸುಬು ಕುರಿತ ದತ್ತಿ ಉಪನ್ಯಾಸದ ಲಿಖಿತ ರೂಪ)



ಮಕ್ಕಳ ಸಾಹಿತ್ಯದ ಬಗ್ಗೆ ನಮ್ಮಲ್ಲಿ ಸಭೆ ನಡೆದಾಗಲೆಲ್ಲ ಕಥೆ, ಪದ್ಯ, ನಾಟಕಗಳ ಮಾತು ವಿಸ್ತಾರವಾಗಿ ಬರುತ್ತದೆ; ಚಿತ್ರಕ್ಕೆ ಒಂದೆರಡು ವಾಕ್ಯ ಸಿಕ್ಕರೆ ಹೆಚ್ಚು. ಈ ಸಲ ನೀವು ಪೂರ್ತಿ ಒಂದು ಹೊತ್ತನ್ನು ಚಿತ್ರಕ್ಕೇ ಮೀಸಲಿಟ್ಟಿದ್ದೀರಿ. ಚಿತ್ರ ಬಿಡಿಸುವುದನ್ನೇ ಕಸುಬು ಮಾಡಿಕೊಂಡ ನನಗೆ ಇದು ದೊಡ್ಡ ಸಂತೋಷ. ಪೀಠಿಕೆ ಬೆಳೆಸದೆ ನೇರವಾಗಿ ಒಂದು ಪುಟಕ್ಕೇ ಹೋಗುತ್ತೇನೆ.

ಇಂಗ್ಲೆಂಡಿನ ರಾಂಡಾಲ್ಫ್ ಕಾಲ್ಡೆಕಾಟ್ 1882ರಲ್ಲಿ ಒಂದು ಶಿಶುಪ್ರಾಸಕ್ಕೆ ಚಿತ್ರ ಬರೆದರು. ಬೆಕ್ಕಿನ ಕೈಗೆ ಪಿಟೀಲು ಕೊಟ್ಟು, ಹಸುವನ್ನು ಚಂದ್ರನ ಮೇಲಿಂದ ಹಾರಿಸುವ ಆ ಪ್ರಾಸ ಇಂಗ್ಲಿಷ್ ಮೀಡಿಯಂ ಶಾಲೆಗಳ ದಾರಿಯಲ್ಲಿ ನಮ್ಮ ಮಕ್ಕಳ ಬಾಯಿಗೂ ಬಂದಿದೆ. ತಟ್ಟೆಯೂ ಚಮಚವೂ ಜೊತೆಯಾಗಿ ಓಡಿಹೋದಲ್ಲಿಗೆ ಅದು ಮುಗಿಯುತ್ತದೆ. ಕಾಲ್ಡೆಕಾಟ್ ಅಲ್ಲಿಗೆ ಬಿಡಲಿಲ್ಲ. ಪದ್ಯ ಮುಗಿದ ಮೇಲೆ ಒಂದು ಅಕ್ಷರವೂ ಇಲ್ಲದ ಇನ್ನೊಂದು ಚಿತ್ರ ಹಾಕಿದರು. ಅದರಲ್ಲಿ ತಟ್ಟೆ ಒಡೆದು ಚೂರುಚೂರಾಗಿ ಬಿದ್ದಿದೆ. ಚಮಚವನ್ನು ಫೋರ್ಕು ಮತ್ತು ಚಾಕು ಸೇರಿ ಕರೆದೊಯ್ಯುತ್ತಿವೆ. ಮನೆ ಬಿಟ್ಟು ಹೋದ ಮಗಳನ್ನು ಹಿಡಿದು ತರುತ್ತಿರುವ ಅಪ್ಪ ಅಮ್ಮ ಎಂದು ಅವುಗಳ ನಿಲುವಿನಲ್ಲೇ ಗೊತ್ತಾಗುತ್ತದೆ. ಪ್ರಾಸದಲ್ಲಿ ಇಲ್ಲದ ಒಂದು ದುಃಖ, ಒಂದು ಸಂಸಾರ, ಊರಿನವರ ಬಾಯಿಗೆ ಬೀಳುವ ಒಂದು ಸುದ್ದಿ, ಇಷ್ಟೆಲ್ಲ ಅಂಗೈಯಗಲದ ಗೆರೆಚಿತ್ರದಲ್ಲಿದೆ.

ಬ್ಯಾಂಕಿನ ಗುಮಾಸ್ತರಾಗಿ ದುಡಿಯುತ್ತಲೇ ಚಿತ್ರ ಕಲಿತ ಕಾಲ್ಡೆಕಾಟ್ 1878ರಿಂದ ವರ್ಷಕ್ಕೆ ಎರಡರಂತೆ 16 ಚಿತ್ರಪುಸ್ತಕ ಮಾಡಿದರು. ನಲವತ್ತು ತುಂಬುವ ಮೊದಲೇ 1886ರಲ್ಲಿ ತೀರಿಕೊಂಡರು. ಅಮೆರಿಕದಲ್ಲಿ 1938ರಿಂದ ವರ್ಷದ ಶ್ರೇಷ್ಠ ಚಿತ್ರಪುಸ್ತಕದ ಕಲಾವಿದರಿಗೆ ಕೊಡುವ ಪದಕ ಅವರ ಹೆಸರಿನಲ್ಲಿದೆ.

ನಾನು ಈ ಹೊತ್ತು ಹೇಳಬೇಕೆಂದಿರುವುದು ಆ ಚೂರಾದ ತಟ್ಟೆಯಲ್ಲೇ ಇದೆ. ಚಿತ್ರಪುಸ್ತಕದಲ್ಲಿ ಕಲಾವಿದರೂ ಕಥೆ ಹೇಳುವವರೇ. ಬರಹಗಾರರು ಹೇಳಿ ಮುಗಿಸಿದ್ದನ್ನು ಬಣ್ಣದಲ್ಲಿ ಮತ್ತೊಮ್ಮೆ ಒಪ್ಪಿಸಿದರೆ ಅದು ಅಲಂಕಾರ ಅಷ್ಟೆ. ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾಗವತರು ಪದ ಹೇಳುತ್ತಾರೆ. ವೇಷಧಾರಿ ಅದನ್ನೇ ಗದ್ಯ ಮಾಡಿ ಒಪ್ಪಿಸಿದರೆ ಯಾರೂ ನಿದ್ದೆಗೆಟ್ಟು ಕೂರುವುದಿಲ್ಲ. ಪದದಲ್ಲಿ ಇಲ್ಲದ್ದನ್ನು, ಪದಕ್ಕೆ ಮೋಸವಾಗದ ಹಾಗೆ, ಅರ್ಥದಲ್ಲೂ ಕುಣಿತದಲ್ಲೂ ಕಣ್ಣಿನಲ್ಲೂ ತಂದುಕೊಡುವುದು ಅವರ ಕಲೆ.

ಇದನ್ನು ಅತ್ಯಂತ ಕಡಿಮೆ ಸಾಮಗ್ರಿಯಲ್ಲಿ ಸಾಧಿಸಿದ ಪುಸ್ತಕ ಪ್ಯಾಟ್ ಹಚಿನ್ಸ್ ಅವರ ‘ರೋಸೀಸ್ ವಾಕ್’. 1968ರದು. ಇಡೀ ಪುಸ್ತಕದಲ್ಲಿರುವುದು ಒಂದೇ ವಾಕ್ಯ, ಇಂಗ್ಲಿಷಿನಲ್ಲಿ 32 ಪದ. ರೋಸಿ ಎಂಬ ಕೋಳಿ ಅಂಗಳ ದಾಟಿ, ಕೊಳ ಸುತ್ತಿ, ಹುಲ್ಲಿನ ಮೆದೆ ಹತ್ತಿ ಇಳಿದು, ಹೀಗೇ ಅಡ್ಡಾಡಿ ಊಟದ ಹೊತ್ತಿಗೆ ಗೂಡಿಗೆ ಬಂತು ಎನ್ನುವುದು ಅದರ ಸಾರ. ಓದಿದರೆ ಏನೂ ನಡೆಯಲಿಲ್ಲ. ನೋಡಿದರೆ ಪ್ರತಿ ಪುಟದಲ್ಲೂ ಕೋಳಿಯ ಹಿಂದೆ ಒಂದು ನರಿ. ನರಿಯ ಹೆಸರನ್ನು ಪುಸ್ತಕ ಒಮ್ಮೆಯೂ ಎತ್ತುವುದಿಲ್ಲ.

ಇದರ ಕಟ್ಟೋಣವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೊದಲು ಅಂಗಳ. ಕೋಳಿ ಎಡದಿಂದ ಬಲಕ್ಕೆ ನಡೆಯುತ್ತಿದೆ. ನರಿ ಹಿಂದಿನಿಂದ ನೆಗೆದಿದೆ, ಇನ್ನೂ ಗಾಳಿಯಲ್ಲಿದೆ. ಅದು ಇಳಿಯಲಿರುವ ಜಾಗದಲ್ಲಿ ಹಲ್ಲು ಮೇಲೆ ಮಾಡಿಕೊಂಡು ಒಂದು ಕುಂಟೆ ಬಿದ್ದಿದೆ. ಪುಟದಲ್ಲಿ ಮೂರೇ ಪದ ಇವೆ, ಅವು ಅಂಗಳದ ಬಗ್ಗೆ ಮಾತ್ರ. ಮಗು ಕುಂಟೆಯನ್ನು ನೋಡುತ್ತದೆ, ನರಿಯ ಕಾಲನ್ನು ನೋಡುತ್ತದೆ, ಆಗಲೇ ಅದರ ಬೆರಳು ಪುಟದ ಮೂಲೆಗೆ ಹೋಗಿರುತ್ತದೆ. ಮಗುಚಿದರೆ ಮುಂದಿನ ಜೋಡಿಪುಟದಲ್ಲಿ ಒಂದೂ ಪದವಿಲ್ಲ. ಕುಂಟೆಯ ಹಿಡಿ ಮೇಲೆದ್ದು ನರಿಯ ಮೂತಿಗೆ ಬಡಿದಿದೆ, ಕೋಳಿ ತನ್ನ ಪಾಡಿಗೆ ಮುಂದೆ ಹೋಗಿದೆ. ಪುಸ್ತಕ ಪೂರ್ತಿ ಹೀಗೇ ಸಾಗುತ್ತದೆ. ಪದವಿರುವ ಪುಟದಲ್ಲಿ ಸಂಚು, ಪದವಿಲ್ಲದ ಪುಟದಲ್ಲಿ ಅದರ ಫಲ. ಹಿಟ್ಟಿನ ಗಿರಣಿಯ ಹತ್ತಿರ ಬಂದಾಗ ಒಂದು ದಾರ ಕೋಳಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಆ ದಾರದ ಇನ್ನೊಂದು ತುದಿ ಮೇಲೆ ತೂಗುವ ಹಿಟ್ಟಿನ ಚೀಲಕ್ಕೆ ಹೋಗಿದೆ ಎನ್ನುವುದನ್ನು ಮಗು ಕಣ್ಣಲ್ಲೇ ಅಳೆಯಬೇಕು. ಓದಿ ಹೇಳುವ ಅಮ್ಮ ಅಥವಾ ಮೇಷ್ಟ್ರು ಆ ಹೊತ್ತಿಗೆ ಸುಮ್ಮನಿದ್ದರೆ ಸಾಕು, ತರಗತಿ ತಾನಾಗಿ ಕೂಗುತ್ತದೆ. ಅಕ್ಷರ ಬಾರದ ಮಗು ಅಕ್ಷರ ಬಲ್ಲ ದೊಡ್ಡವರಿಗಿಂತ ಹೆಚ್ಚು ತಿಳಿದಿರುವ ಅಪರೂಪದ ಸಂದರ್ಭ ಅದು.

ಹಚಿನ್ಸ್ ಇದನ್ನು ಬಿಡಿಸಿರುವ ರೀತಿಯೂ ಈ ಆಟಕ್ಕೆ ತಕ್ಕಂತಿದೆ. ನೆರಳು ಬೆಳಕಿನ ಗೋಜಿಲ್ಲ. ಮರದ ಎಲೆ, ಕೋಳಿಯ ಗರಿ, ನರಿಯ ಕೂದಲು ಎಲ್ಲವೂ ರಂಗೋಲಿಯಷ್ಟು ಅಚ್ಚುಕಟ್ಟಾದ ವಿನ್ಯಾಸ. ಎಲ್ಲ ಇಷ್ಟು ಶಾಂತವಾಗಿ, ಚಪ್ಪಟೆಯಾಗಿ ಇರುವುದರಿಂದಲೇ ನರಿಯ ನೆಗೆತ ಎದ್ದು ಕಾಣುತ್ತದೆ. ಕೋಳಿಯ ಕಣ್ಣಂತೂ ಮೊದಲ ಪುಟದಿಂದ ಕೊನೆಯವರೆಗೂ ಬದಲಾಗುವುದಿಲ್ಲ. ನರಿ ಇರುವುದು ಅದಕ್ಕೆ ಗೊತ್ತಿತ್ತೋ ಇಲ್ಲವೋ ಎಂದು ಮಕ್ಕಳು ಜಗಳವಾಡುವಂತಾಗಿರುವುದು ಆ ಕಣ್ಣಿನ ಒಂದೇ ಚುಕ್ಕೆಯಿಂದ.

ಇದೇ ಜಾಣ್ಮೆಯ ಇನ್ನೊಂದು ಬಗೆ ರಷ್ಯಾದ ಯೆವ್ಗೆನಿ ರಾಚೋವ್ ಅವರಲ್ಲಿದೆ. ‘ಕೈಗವಸು’ ಎಂಬ ಉಕ್ರೇನಿನ ಜನಪದ ಕಥೆಗೆ ಅವರು 1950ರ ದಶಕದ ಆರಂಭದಲ್ಲಿ ಚಿತ್ರ ಬರೆದರು. ಹಿಮದಲ್ಲಿ ಬಿದ್ದ ಒಂದು ಕೈಗವಸಿನೊಳಕ್ಕೆ ಇಲಿ, ಕಪ್ಪೆ, ಮೊಲದಿಂದ ಹಿಡಿದು ಕರಡಿಯವರೆಗೆ ಒಂದೊಂದೇ ಪ್ರಾಣಿ ಬಂದು ಸೇರುವ ಕಥೆ. ಕಥೆ ಹೇಳುವುದು ಯಾರು ಬಂದರು, ಏನು ಕೇಳಿದರು ಎನ್ನುವುದನ್ನಷ್ಟೇ. ಚಿತ್ರದಲ್ಲಿ ಮಾತ್ರ ಕೈಗವಸು ಪುಟದಿಂದ ಪುಟಕ್ಕೆ ಮನೆಯಾಗುತ್ತಾ ಹೋಗುತ್ತದೆ. ಮೆಟ್ಟಿಲು ಬರುತ್ತದೆ, ಕಿಟಕಿ ಬರುತ್ತದೆ, ಹೊಗೆ ಹೋಗಲು ಚಿಮಣಿ ಬರುತ್ತದೆ. ಬಂದವರು ಕೈ ಕಟ್ಟಿ ಕೂತಿಲ್ಲ, ಸಂಸಾರ ಹೂಡಿದ್ದಾರೆ ಎಂಬ ಸಂಗತಿ ಕಥೆಯ ಒಂದು ಸಾಲಿನಲ್ಲೂ ಇಲ್ಲ. ನವಕರ್ನಾಟಕದ ಮಳಿಗೆಗಳಲ್ಲಿ ಸೋವಿಯತ್ ಮಕ್ಕಳ ಪುಸ್ತಕಗಳು ಕೈಗೆಟುಕುವ ಬೆಲೆಗೆ ಸಿಗುತ್ತಿದ್ದ ಕಾಲದಲ್ಲಿ ಬೆಳೆದ ಕನ್ನಡಿಗರಿಗೆ ಇಂಥ ಚಿತ್ರಗಳ ರುಚಿ ಹತ್ತಿದ್ದು ನೆನಪಿರಬಹುದು.

ಪುಟ ಮಗುಚುವುದರ ಬಗ್ಗೆ ಹೇಳಿದೆ. ಪುಟದ ಅಳತೆಯ ಬಗ್ಗೆಯೂ ಹೇಳಬೇಕು. ಮಾರಿಸ್ ಸೆಂಡಾಕ್ ಅವರ ‘ವೇರ್ ದ ವೈಲ್ಡ್ ಥಿಂಗ್ಸ್ ಆರ್’ (1963) ಪುಸ್ತಕದಲ್ಲಿ ಮೊದಲ ಚಿತ್ರ ಚಿಕ್ಕದು, ಸುತ್ತ ಅಗಲವಾದ ಬಿಳಿ ಅಂಚು. ತೋಳದ ವೇಷ ಹಾಕಿ ಮನೆಯಲ್ಲಿ ದಾಂಧಲೆ ಎಬ್ಬಿಸಿದ ಮ್ಯಾಕ್ಸ್ ಎಂಬ ಹುಡುಗ ಆ ಚೌಕದೊಳಗೆ ಇಕ್ಕಟ್ಟಿನಲ್ಲಿದ್ದಾನೆ. ಅಮ್ಮ ಬೈದು ಕೋಣೆಗೆ ಅಟ್ಟುತ್ತಾಳೆ. ಕೋಣೆಯಲ್ಲಿ ಕಾಡು ಬೆಳೆಯುತ್ತಾ ಹೋದಂತೆ ಚಿತ್ರ ಬೆಳೆಯುತ್ತದೆ, ಬಿಳಿ ಅಂಚು ಕರಗುತ್ತದೆ. ಬಲಪುಟ ತುಂಬಿ ಎಡಪುಟಕ್ಕೆ ನುಗ್ಗುತ್ತದೆ. ಕೊನೆಗೆ ಮ್ಯಾಕ್ಸ್ ಮತ್ತು ಆ ಕಾಡಿನಾಚೆ ಅವನಿಗೆ ಸಿಕ್ಕ ದೈತ್ಯಪ್ರಾಣಿಗಳು ಕುಣಿಯುವಾಗ ಮೂರು ಜೋಡಿಪುಟಗಳ ಉದ್ದಕ್ಕೂ ಒಂದು ಅಕ್ಷರವೂ ಇಲ್ಲ. ಅಂಚಿನಿಂದ ಅಂಚಿಗೆ ಚಿತ್ರವೇ. ಹುಡುಗನಿಗೆ ಮನೆಯ ನೆನಪು ಬಂದ ಮೇಲೆ ಚಿತ್ರ ಹಿಂದೆ ಸರಿಯುತ್ತದೆ, ಪದಗಳಿಗೆ ಜಾಗ ಬರುತ್ತದೆ. ಕಟ್ಟಕಡೆಯ ಪುಟದಲ್ಲಿ ಪದಗಳಿವೆ, ಚಿತ್ರವಿಲ್ಲ. ಮಗುವಿನ ಸಿಟ್ಟು ಎಷ್ಟು ದೊಡ್ಡದಾಗಿ ಹೇಗೆ ತಣ್ಣಗಾಯಿತು ಎನ್ನುವುದನ್ನು ಸೆಂಡಾಕ್ ಅಂಚಿನ ಅಳತೆಯಲ್ಲೇ ಹೇಳಿದ್ದಾರೆ. ಈ ಪುಸ್ತಕದ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ದೈತ್ಯರ ಹಲ್ಲು, ಉಗುರು, ಶಾಯಿಯ ಒತ್ತಾದ ಗೀರುಗಳ ಬಗ್ಗೆ ಹೇಳುತ್ತಾರೆ. ನನಗೆ ಆ ಬಿಳಿ ಅಂಚೇ ದೊಡ್ಡ ಸಾಧನೆಯಾಗಿ ಕಾಣುತ್ತದೆ.

ಕ್ಲೆಮೆಂಟ್ ಹರ್ಡ್ ಚಿತ್ರ ಬರೆದ ‘ಗುಡ್‌ನೈಟ್ ಮೂನ್’ (1947) ಇದಕ್ಕಿಂತ ಮೆಲ್ಲಗಿನ ಕೆಲಸ. ಇರುವುದು ಒಂದೇ ಕೋಣೆ. ಪುಟ ಮಗುಚಿದಂತೆ ಕೋಣೆ ಒಂದೊಂದು ಎಳೆ ಕತ್ತಲಾಗುತ್ತದೆ, ಕಿಟಕಿಯಲ್ಲಿ ಚಂದ್ರ ಮೇಲೇರುತ್ತಾನೆ, ಗಡಿಯಾರ ಏಳರಿಂದ ಎಂಟು ಹತ್ತಕ್ಕೆ ಬರುತ್ತದೆ. ಒಂದು ಪುಟ್ಟ ಇಲಿ ಬಣ್ಣದ ಪುಟಗಳಲ್ಲೆಲ್ಲ ಜಾಗ ಬದಲಿಸುತ್ತಿರುತ್ತದೆ. ನೂರನೆಯ ಸಲ ಓದಿಸಿಕೊಳ್ಳುವ ಮಗು ಇಲಿಯನ್ನು ಹುಡುಕುವುದಕ್ಕಾಗಿಯೇ ಓದಿಸಿಕೊಳ್ಳುತ್ತದೆ.

ಇದೆಲ್ಲ ಹೇಗೆ ಸಾಧ್ಯವಾಗುತ್ತದೆ ಎನ್ನುವುದನ್ನು ತಿಳಿಯಲು ಪ್ರೆಸ್ಸಿನ ಲೆಕ್ಕ ಗೊತ್ತಿರಬೇಕು. ದೊಡ್ಡ ಹಾಳೆಯ ಎರಡೂ ಬದಿ ಅಚ್ಚಾಗಿ, ಮಡಿಚಿ, ಕತ್ತರಿಸಿದಾಗ 16 ಪುಟದ ಒಂದು ಫಾರಂ ಆಗುತ್ತದೆ. ಚಿತ್ರಪುಸ್ತಕಗಳು ಬಹುಮಟ್ಟಿಗೆ ಎರಡು ಫಾರಂ, ಅಂದರೆ 32 ಪುಟ. ಶೀರ್ಷಿಕೆ, ಹಕ್ಕುಗಳ ಪುಟ ಇತ್ಯಾದಿ ಕಳೆದರೆ ಕಥೆಗೆ ಉಳಿಯುವುದು ಹನ್ನೆರಡು ಹದಿನಾಲ್ಕು ಜೋಡಿಪುಟ. ಹನ್ನೆರಡು ಸಲ ಪುಟ ಮಗುಚಿದರೆ ಕಥೆ ಮುಗಿಯಬೇಕು. ಆದ್ದರಿಂದ ಬಣ್ಣದ ಡಬ್ಬಿ ತೆರೆಯುವ ಮೊದಲು ಪುಸ್ತಕದ ಕಚ್ಚಾ ನಮೂನೆ, ಅಂದರೆ ಡಮ್ಮಿ, ಮಾಡಿಕೊಳ್ಳಬೇಕು. ನಾನು ಎ4 ಹಾಳೆಗಳನ್ನು ಮಡಿಚಿ, ನಡುವೆ ಪಿನ್ ಹೊಡೆದು, ಕಥೆಯನ್ನು ಸಾಲುಸಾಲಾಗಿ ಕತ್ತರಿಸಿ ಪುಟಗಳಲ್ಲಿ ಅಂಟಿಸುತ್ತೇನೆ. ಮಿಕ್ಕ ಜಾಗದಲ್ಲಿ ಪೆನ್ಸಿಲಿನಿಂದ ಗೀಚು. ಪುಸ್ತಕ ನಿಲ್ಲುವುದು ಬೀಳುವುದು ಈ ಹಂತದಲ್ಲೇ. ಯಾರ ಮುಖವೂ ನಡುವಿನ ಮಡಿಕೆಗೆ ಸಿಕ್ಕಿ ಸೀಳಾಗಬಾರದು. ಗುಟ್ಟು ಬಲಪುಟದಲ್ಲಿ ಶುರುವಾಗಿ ಮಗುಚಿದ ಮೇಲೆ ಬಯಲಾಗಬೇಕು. ಎಡಪುಟದ ಗುಟ್ಟು ಎದುರುಪುಟದಲ್ಲೇ ಬಯಲಾದರೆ ಮಗುವಿಗೆ ಕಾಯುವ ಸುಖವೇ ಇರುವುದಿಲ್ಲ.

ಡಮ್ಮಿಯ ಇನ್ನೊಂದು ಉಪಯೋಗವೆಂದರೆ ಸಾಲು ಕಡಿಯುವುದು. ‘ಅಜ್ಜಿ ಬೇಸರದಿಂದ ಜಗಲಿಯಲ್ಲಿ ಕೂತಿದ್ದಳು’ ಎಂದು ಕಥೆಯಲ್ಲಿದ್ದರೆ ಜಗಲಿಯನ್ನೂ ಬೇಸರವನ್ನೂ ಚಿತ್ರ ವಹಿಸಿಕೊಳ್ಳುತ್ತದೆ, ಸಾಲು ಹೋಗಬಹುದು. ಚಿತ್ರದ ಕೈಲಾಗದವೂ ಇವೆ. ಹೆಸರು ಹೇಳಲು ಅದಕ್ಕೆ ಬರುವುದಿಲ್ಲ, ಮರುದಿನ ಎನ್ನಲು ಬರುವುದಿಲ್ಲ. ಎಲ್ಲಕ್ಕಿಂತ ಕಷ್ಟ, ‘ಇಲ್ಲ’ ಎನ್ನಲು ಬರುವುದಿಲ್ಲ. ಮನೆಯಲ್ಲಿ ಬೆಕ್ಕು ಇರಲಿಲ್ಲ ಎನ್ನುವುದನ್ನು ಹೇಗೆ ಬಿಡಿಸುವುದು? ಮುಟ್ಟದೆ ಬಿಟ್ಟ ಹಾಲಿನ ಬಟ್ಟಲು, ಅದರ ಅಂಚಿನಲ್ಲಿ ಸಾಲುಗಟ್ಟಿದ ಇರುವೆ, ಕೂದಲು ಅಂಟಿಕೊಂಡ ಖಾಲಿ ಗೋಣಿಚೀಲ. ಇಂಥ ಜಾಗದಲ್ಲೇ ಬರಹಗಾರರೂ ಕಲಾವಿದರೂ ಒಂದೇ ಮೇಜಿನಲ್ಲಿ ಕೂತು ಯಾರು ಯಾವುದನ್ನು ಹೊರಬೇಕೆಂದು ಹಂಚಿಕೊಳ್ಳಬೇಕು.

ಇನ್ನು ಸಾಮಗ್ರಿ. ಯಾವ ಕಾಲದ ಚಿತ್ರಪುಸ್ತಕವನ್ನು ತೆಗೆದರೂ ಅದರ ಸೌಂದರ್ಯದ ಹಿಂದೆ ಆ ಕಾಲದ ಮುದ್ರಣದ ಅಂಕೆಯಿದೆ. ಕಾಲ್ಡೆಕಾಟ್ ಅವರ ಪುಸ್ತಕಗಳನ್ನು ಅಚ್ಚು ಹಾಕಿದವರು ಲಂಡನ್ನಿನ ಎಡ್ಮಂಡ್ ಇವಾನ್ಸ್. ಕಲಾವಿದರ ಪೆನ್ನಿನ ಗೆರೆಯನ್ನು ಮರದ ಅಚ್ಚಿನ ಮೇಲಕ್ಕೆ ಫೋಟೊ ಮೂಲಕ ಇಳಿಸಿ, ಕೆತ್ತಿ, ಕಂದು ಶಾಯಿಯಲ್ಲಿ ಪ್ರತಿ ತೆಗೆದು ಕಳಿಸುತ್ತಿದ್ದರು. ಅದರ ಮೇಲೆ ಕಲಾವಿದರು ಬಣ್ಣ ಹಚ್ಚಿ ವಾಪಸು ಕೊಟ್ಟರೆ ಒಂದೊಂದು ಬಣ್ಣಕ್ಕೂ ಒಂದೊಂದು ಅಚ್ಚು ಕೆತ್ತಬೇಕು. ಆದ್ದರಿಂದ ಕಾಲ್ಡೆಕಾಟ್ ಗೆರೆಯನ್ನು ಮಿತವಾಗಿ ಬಳಸಿದರು, ಪುಟದ ಬಿಳುಪನ್ನು ಉಸಿರಾಡಲು ಬಿಟ್ಟರು. ಅದೇ ಇವಾನ್ಸರ ಮುದ್ರಣಾಲಯದಲ್ಲಿ 1902ರಲ್ಲಿ ಬಿಯಾಟ್ರಿಕ್ಸ್ ಪಾಟರ್ ಅವರ ‘ಪೀಟರ್ ರ‍್ಯಾಬಿಟ್’ ಅಚ್ಚಾಗುವ ಹೊತ್ತಿಗೆ ಮೂರು ಬಣ್ಣದ ಫೋಟೊ ಬ್ಲಾಕು ಬಂದಿತ್ತು. ಹಾಗಾಗಿ ಅವರ ಜಲವರ್ಣದ ತೆಳು ಛಾಯೆಗಳು ಉಳಿದುಕೊಂಡವು. ಕಾಯಿಲೆ ಬಿದ್ದ ಒಬ್ಬ ಹುಡುಗನಿಗೆ 1893ರಲ್ಲಿ ಬರೆದ ಸಚಿತ್ರ ಪತ್ರ ಆ ಪುಸ್ತಕದ ಮೂಲ. ಪ್ರಕಾಶಕರು ಒಪ್ಪದಿದ್ದಾಗ 1901ರಲ್ಲಿ ಪಾಟರ್ ತಮ್ಮದೇ ಖರ್ಚಿನಲ್ಲಿ 250 ಪ್ರತಿ ಹಾಕಿಸಿದ್ದರು. ಪುಟ್ಟ ಕೈಗೆ ಪುಟ್ಟ ಪುಸ್ತಕವೇ ಬೇಕೆಂದು ಹಟ ಹಿಡಿದವರೂ ಅವರೇ. ಪುಸ್ತಕದ ಗಾತ್ರವೂ ಕಲಾವಿದರ ತೀರ್ಮಾನವಾಗಬೇಕೆಂದು ನಾನು ವಾದಿಸುವಾಗ ಪಾಟರ್ ನನ್ನ ಬೆನ್ನಿಗಿರುತ್ತಾರೆ.

ಎಜ್ರಾ ಜ್ಯಾಕ್ ಕೀಟ್ಸ್ ಅವರ ‘ದ ಸ್ನೋಯಿ ಡೇ’ (1962) ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಬ್ರೂಕ್ಲಿನ್ನಿನ ಬಡ ಯಹೂದಿ ವಲಸಿಗರ ಮನೆಯಲ್ಲಿ ಹುಟ್ಟಿದ ಕೀಟ್ಸ್ ಅದುವರೆಗೆ ಬೇರೆಯವರ ಕಥೆಗಳಿಗೆ ಚಿತ್ರ ಬರೆದು ಬದುಕಿದ್ದವರು. ಅವರಿಗೆ ಸಿಕ್ಕ ಹಸ್ತಪ್ರತಿಗಳಲ್ಲಿ ಕಪ್ಪು ಮಗು ಮುಖ್ಯಪಾತ್ರವಾಗಿ ಬರುತ್ತಲೇ ಇರಲಿಲ್ಲ. 1940ರಲ್ಲಿ ‘ಲೈಫ್’ ಪತ್ರಿಕೆಯಿಂದ ಕತ್ತರಿಸಿಟ್ಟ ಒಬ್ಬ ಕಪ್ಪು ಹುಡುಗನ ನಾಲ್ಕಾರು ಫೋಟೊ ಎರಡು ದಶಕ ಅವರ ಬಳಿ ಇದ್ದವು. ತಾವೇ ಕಥೆ ಬರೆಯಲು ಕೂತಾಗ ಆ ಹುಡುಗನೇ ಕೆಂಪು ಟೊಪ್ಪಿಯ ಪೀಟರ್ ಆದ. ಹಿಮ ಬಿದ್ದ ಬೆಳಿಗ್ಗೆ ಅವನು ಹೊರಗೆ ಹೋಗುತ್ತಾನೆ, ಹೆಜ್ಜೆ ಗುರುತು ಮಾಡುತ್ತಾನೆ, ಮನೆಗೆ ಬರುತ್ತಾನೆ. ಅಷ್ಟೇ ಕಥೆ. ಅವನ ಮೈಬಣ್ಣದ ಬಗ್ಗೆ ಒಂದು ಮಾತೂ ಇಲ್ಲ. ಅದನ್ನು ಚಿತ್ರ ಸಹಜವಾಗಿ ವಹಿಸಿಕೊಂಡಿದೆ. ಮತ್ತೆ ಆ ಹಿಮ! ಕೀಟ್ಸ್ ಕುಂಚ ಕೆಳಗಿಟ್ಟು ಕಾಗದ ಕತ್ತರಿಸಿ ಅಂಟಿಸಲು ಶುರುಮಾಡಿದ್ದು ಈ ಪುಸ್ತಕದಲ್ಲೇ. ಅಮ್ಮನ ಉಡುಪಿಗೆ ಅಡುಗೆಮನೆಯ ಕಪಾಟಿಗೆ ಹಾಸುವ ಮೇಣಬಟ್ಟೆ. ಹಾಸಿಗೆಗೆ ಕ್ಯಾನ್ವಾಸು. ಹಿಮದ ಹರಳುಗಳಿಗೆ ರಬ್ಬರಿನಲ್ಲಿ ಕೊರೆದ ಅಚ್ಚು. ರಾತ್ರಿಯ ಬೂದು ಹಿನ್ನೆಲೆಗೆ ಹಲ್ಲುಜ್ಜುವ ಬ್ರಷ್ಷಿನಿಂದ ಚಿಮುಕಿಸಿದ ಶಾಯಿ. ಮನೆಯಲ್ಲಿ ಕೈಗೆ ಸಿಗುವ ವಸ್ತುಗಳಿಂದಲೇ ಒಂದು ಊರಿಗೆ ಹಿಮ ಬೀಳಿಸಿದರು. ಮರುವರ್ಷ ಕಾಲ್ಡೆಕಾಟ್ ಪದಕ ಬಂತು.

ಎರಿಕ್ ಕಾರ್ಲ್ ಅವರ ಹೊಟ್ಟೆಬಾಕ ಕಂಬಳಿಹುಳು (1969) ನಿಮಗೆಲ್ಲ ಗೊತ್ತಿರುವುದರಿಂದ ಎರಡೇ ಮಾತು. ತೆಳ್ಳನೆಯ ಟಿಶ್ಯೂ ಕಾಗದಕ್ಕೆ ಮೊದಲೇ ಬಣ್ಣ ಬಳಿದು, ಒಣಗಿಸಿ, ಬಣ್ಣದ ಪ್ರಕಾರ ಡ್ರಾಯರುಗಳಲ್ಲಿ ಜೋಡಿಸಿಟ್ಟುಕೊಂಡು, ಬೇಕಾದಾಗ ಕತ್ತರಿಸಿ ಅಂಟಿಸುವುದು ಅವರ ಪದ್ಧತಿಯಾಗಿತ್ತು. ಪುಟಗಳಲ್ಲಿ ತೂತು ಕೊರೆದು, ಅಳತೆ ಬೇರೆಬೇರೆಯಾದ ಹಾಳೆ ಸೇರಿಸಿ ಅಗ್ಗದಲ್ಲಿ ಅಚ್ಚುಹಾಕುವವರು ಅಮೆರಿಕದಲ್ಲಿ ಸಿಗದೆ ಕೊನೆಗೆ ಜಪಾನಿನಲ್ಲಿ ಮಾಡಿಸಿದರು.

ಸರಳವಾದದ್ದು ಸುಲಭ ಎಂದು ತಿಳಿಯುವವರಿಗೆ ನಾನು ನೆದರ್‌ಲೆಂಡ್ಸಿನ ಡಿಕ್ ಬ್ರೂನಾ ಅವರ ಮಿಫಿಯನ್ನು ತೋರಿಸುತ್ತೇನೆ. 1955ರಲ್ಲಿ ಹುಟ್ಟಿದ ಮೊಲ. ಮುಖದಲ್ಲಿ ಎರಡು ಚುಕ್ಕೆ, ಒಂದು ಗುಣಾಕಾರದ ಗುರುತು. ಯಾವಾಗಲೂ ಓದುವ ಮಗುವಿನ ಕಡೆಗೇ ಮುಖ. ಆ ಕಪ್ಪು ಗೆರೆಯನ್ನು ಬ್ರೂನಾ ಕುಂಚದಲ್ಲಿ ಬಹಳ ನಿಧಾನವಾಗಿ ಎಳೆಯುತ್ತಿದ್ದರು. ಹತ್ತಿರದಿಂದ ನೋಡಿದರೆ ಅಂಚಿನಲ್ಲಿ ಸಣ್ಣ ನಡುಕ ಕಾಣುತ್ತದೆ. ಮಿಫಿ ಅಳುವ ಚಿತ್ರದಲ್ಲಿ ಹುಬ್ಬಿಲ್ಲ, ತುಟಿಯಿಲ್ಲ, ಒಂದು ಹನಿ ಮಾತ್ರ. ಆ ಹನಿ ಎಲ್ಲಿರಬೇಕು, ಎಷ್ಟಿರಬೇಕು ಎನ್ನುವುದು ಕೂದಲೆಳೆಯ ಲೆಕ್ಕ.

ನಮ್ಮ ದೇಶಕ್ಕೆ ಬಂದರೆ, ಚೆನ್ನೈನ ತಾರಾ ಬುಕ್ಸ್ 2006ರಲ್ಲಿ ತಂದ ‘ದ ನೈಟ್ ಲೈಫ್ ಆಫ್ ಟ್ರೀಸ್’ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಬೇಕು. ಮಧ್ಯಪ್ರದೇಶದ ಗೊಂಡ ಕಲಾವಿದರಾದ ಭಜ್ಜು ಶ್ಯಾಮ್, ದುರ್ಗಾಬಾಯಿ, ರಾಮ್ ಸಿಂಗ್ ಉರ್ವೇತಿ ಬರೆದ ಮರಗಳು. ಕೈಕಾಗದದ ಕಪ್ಪು ಹಾಳೆ, ಅದರ ಮೇಲೆ ಸ್ಕ್ರೀನ್ ಪ್ರಿಂಟಿನಲ್ಲಿ ಒಂದಾದ ಮೇಲೊಂದು ಬಣ್ಣ, ಎಲ್ಲವೂ ಕೈಯಿಂದಲೇ. ಸಾಮಾನ್ಯ ಆಫ್‌ಸೆಟ್ಟಿನಲ್ಲಿ ಕಪ್ಪು ಎಂದರೆ ಬಿಳಿ ಹಾಳೆಯ ಮೇಲೆ ಬಳಿದ ಶಾಯಿ. ಇಲ್ಲಿ ಹಾಳೆಯೇ ಕತ್ತಲು. ಮರ ಆ ಕತ್ತಲಿನ ಮೇಲೆ ಬೆಳಗುತ್ತದೆ. ಬೆರಳಾಡಿಸಿದರೆ ಶಾಯಿಯ ಏರಿಳಿತ ತಾಗುತ್ತದೆ, ಮೂಗಿಗೆ ಹಿಡಿದರೆ ಅದರ ವಾಸನೆಯೂ ಬರುತ್ತದೆ. ಗೊಂಡ ಕಲೆಯಲ್ಲಿ ಮೈ ತುಂಬುವ ವಿನ್ಯಾಸ ಒಬ್ಬೊಬ್ಬ ಕಲಾವಿದರದು ಒಂದೊಂದು. ಒಬ್ಬರದು ಚುಕ್ಕೆ, ಒಬ್ಬರದು ಸಣ್ಣ ಕಮಾನು, ಇನ್ನೊಬ್ಬರದು ಸರಪಳಿ. ಅದೇ ಅವರ ರುಜು. ಗೋಡೆಯ ಮೇಲಿದ್ದ ಈ ಕಲೆಯನ್ನು ಕಾಗದಕ್ಕೂ ಭೋಪಾಲಕ್ಕೂ ತಂದವರು ಜಂಗಢ್ ಸಿಂಗ್ ಶ್ಯಾಮ್. ಅವರ ಬಂಧು ಭಜ್ಜು ಶ್ಯಾಮ್ 2004ರಲ್ಲಿ ಬಂದ ‘ದ ಲಂಡನ್ ಜಂಗಲ್ ಬುಕ್’ನಲ್ಲಿ ಲಂಡನ್ ಊರನ್ನೇ ತಮ್ಮ ಹಳ್ಳಿಯ ಕಣ್ಣಿನಿಂದ ಬಿಡಿಸಿದರು. ಊರಿಗೆಲ್ಲ ಹೊತ್ತು ತಿಳಿಸುವ ಬಿಗ್ ಬೆನ್ ಗಡಿಯಾರ ಅವರ ಕೈಯಲ್ಲಿ ಹುಂಜವಾಯಿತು, ನೆಲದಡಿಯ ರೈಲು ಎರೆಹುಳವಾಯಿತು. ಶೈಲಿ ಎಂದರೆ ಬಣ್ಣ ಹಚ್ಚುವ ರೀತಿ ಅಷ್ಟೇ ಎಂದುಕೊಂಡಿರುವ ನಮ್ಮ ಕಲಾಶಾಲೆಯ ಹುಡುಗ ಹುಡುಗಿಯರು ಆ ಹುಂಜವನ್ನು ನೋಡಬೇಕು. ಯೋಚನೆಯೇ ಗೊಂಡ ಯೋಚನೆ.

ಈಗ ಕನ್ನಡ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ, ಹೊಯ್ಸಳ ಕಟ್ಟಿಕೊಟ್ಟ ನಮ್ಮ ಶಿಶುಸಾಹಿತ್ಯ ಕಿವಿಗಾಗಿ ಹುಟ್ಟಿದ್ದು. ಅದರ ಲಯ ಎಷ್ಟು ಗಟ್ಟಿಯೆಂದರೆ ಚಿತ್ರದ ಹಂಗಿಲ್ಲದೆ ನಾಲ್ಕು ತಲೆಮಾರು ದಾಟಿ ಬಂದಿದೆ. ಕಣ್ಣಿಗೆ ಹಬ್ಬ ಮಾಡಿದ್ದು ಪತ್ರಿಕೆಗಳು. 1949ರಲ್ಲಿ ಕನ್ನಡಕ್ಕೆ ಬಂದ ‘ಚಂದಮಾಮ’ದಲ್ಲಿ ನಮ್ಮವರೇ ಆದ ಎಂ.ಟಿ.ವಿ. ಆಚಾರ್ಯರು ಬರೆದ ಮಹಾಭಾರತದ ಮುಖಚಿತ್ರಗಳನ್ನು, ಶಂಕರ್ ಅವರ ಹೆಗಲ ಮೇಲಿನ ಬೇತಾಳವನ್ನು ಮರೆತ ಓದುಗರಿಲ್ಲ. ಆ ಕಲಾವಿದರ ಗೆರೆಯ ಬಲಕ್ಕೆ ನಾನು ಈಗಲೂ ತಲೆಬಾಗುತ್ತೇನೆ. ಆದರೆ ಅವು ಕಥೆಯ ಒಂದೊಂದು ಕ್ಷಣವನ್ನು ಹಿಡಿದು ನಿಲ್ಲಿಸಿದ ಬಿಡಿಚಿತ್ರಗಳು. ಪುಟದಿಂದ ಪುಟಕ್ಕೆ ತಾನೇ ಕಥೆ ನಡೆಸುವ ಚಿತ್ರಪುಸ್ತಕ ಬೇರೆಯೇ ಪ್ರಕಾರ. ಅದು ನಮ್ಮಲ್ಲಿ ಬೇರುಬಿಟ್ಟದ್ದು ತಡವಾಗಿ. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್, 2015ರಿಂದ ಅದರ ಸ್ಟೋರಿವೀವರ್ ಜಾಲತಾಣ ಈ ದಿಕ್ಕಿನಲ್ಲಿ ದೊಡ್ಡ ಕೆಲಸ ಮಾಡಿವೆ. ಒಂದೇ ಚಿತ್ರ ಹತ್ತಾರು ಭಾಷೆಗಳ ಮಕ್ಕಳಿಗೆ ಮುಟ್ಟುತ್ತಿದೆ.

ಅಲ್ಲೂ ನಮಗೇ ವಿಶೇಷವಾದ ತೊಡಕುಗಳಿವೆ. ಇಂಗ್ಲಿಷಿನಲ್ಲಿ ಎರಡು ಸಾಲಿಗೆ ಲೆಕ್ಕ ಹಾಕಿ ಚಿತ್ರದ ಆಕಾಶದಲ್ಲಿ ಜಾಗ ಬಿಟ್ಟಿದ್ದರೆ ಕನ್ನಡದಲ್ಲಿ ಮೂರು ಸಾಲಾಗುತ್ತದೆ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು. ಸಾಲುಗಳ ನಡುವೆ ಉಸಿರಾಡಲು ಜಾಗ ಬೇಕು. ಜಾಗವಿಲ್ಲದೆ ಇರುಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಆಗತಾನೆ ಓದಲು ಕಲಿತ ಮಗು ಅಲ್ಲೇ ಎಡವುತ್ತದೆ. ಹುಲ್ಲು, ಎಲೆ, ಮಳೆಯ ಗೀರುಗಳ ಮೇಲೆ ಅಕ್ಷರ ಕೂರಿಸಿದರೂ ಅದೇ ಗತಿ. ಗೀರು ಯಾವುದು, ದೀರ್ಘ ಯಾವುದು ತಿಳಿಯುವುದಿಲ್ಲ. ಕನ್ನಡಕ್ಕಾಗಿ ಬರೆಯುವ ಕಲಾವಿದರು ಮೊದಲ ಗೀಚಿನಲ್ಲೇ ಕನ್ನಡದ ಸಾಲನ್ನು ಕೂರಿಸಿ ನೋಡಬೇಕು. ‘ರೋಸೀಸ್ ವಾಕ್’ನಂಥ ಪುಸ್ತಕ ಉರ್ದುವಿಗೆ ಹೋದರೆ ಓದುವ ದಿಕ್ಕೇ ತಿರುಗುತ್ತದೆ. ಎಡದಿಂದ ಬಲಕ್ಕೆ ಹೊರಟ ಕೋಳಿ ಆಗ ಹಿಮ್ಮುಖವಾಗಿ ನಡೆದಂತೆ ಕಾಣುತ್ತದೆ.

ಇನ್ನೊಂದು ಮಾತು ನಾನು ಕಿರಿಯ ಗೆಳೆಯರಿಗೆ ಸದಾ ಹೇಳುತ್ತೇನೆ. ‘ಒಂದು ಹಳ್ಳಿ’ ಎಂದು ಕಥೆಯಲ್ಲಿದ್ದರೆ ಯಾವ ಹಳ್ಳಿ ಎಂದು ನೀವು ತೀರ್ಮಾನಿಸಬೇಕು. ಕಲಬುರಗಿಯ ಕಡೆಯಾದರೆ ಶಹಾಬಾದಿ ಕಲ್ಲು ಹಾಸಿದ ಮನೆ, ಮೇಲೆ ಮಟ್ಟಸ ಮಾಳಿಗೆ. ಕರಾವಳಿಯಾದರೆ ಇಳಿಜಾರು ಹಂಚು, ಮಾಡಿನಿಂದ ಸುರಿಯುವ ನೀರು. ಅಜ್ಜಿ ಬಾಗಲಕೋಟೆಯ ಕಡೆಯವಳಾದರೆ ಇಳಕಲ್ ಸೀರೆಯ ತೋಪುತೆನಿ ಸೆರಗು ತಲೆಯ ಮೇಲಿರಲಿ, ರೊಟ್ಟಿ ಬಡಿಯುವ ಅವಳ ಅಂಗೈ ಚಪ್ಪಟೆಯಾಗಿ ಬಿಚ್ಚಿರಲಿ. ಎರಡು ಗುಡ್ಡ, ನಡುವೆ ಸೂರ್ಯ, ಒಂದು ಗುಡಿಸಲು ಬರೆದರೆ ಯಾವ ಮಗುವೂ ಅದರಲ್ಲಿ ತನ್ನ ಊರನ್ನು ಕಾಣುವುದಿಲ್ಲ. ಈಗ ಬಹುಪಾಲು ಕೆಲಸ ಟ್ಯಾಬ್ಲೆಟ್ಟಿನಲ್ಲಿ ನಡೆಯುತ್ತದೆ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಸಿದ್ಧ ಮುಖ, ಸಿದ್ಧ ಮರಗಳನ್ನು ನಕಲು ಮಾಡಿ ಅಂಟಿಸುವ ಅನುಕೂಲ ಅದರಲ್ಲಿ ಹೆಚ್ಚು. ಸ್ಕೆಚ್‌ಬುಕ್ ಹಿಡಿದು ಸಂತೆಯಲ್ಲಿ ನಿಂತು ಬರೆದವರ ಕೈ ಟ್ಯಾಬ್ಲೆಟ್ಟಿನಲ್ಲೂ ಬೇರೆಯಾಗಿಯೇ ಓಡುತ್ತದೆ.

ಪ್ರಕಾಶಕರು ಈ ಸಭೆಯಲ್ಲಿದ್ದೀರಿ, ಆದ್ದರಿಂದ ನೇರವಾಗಿ ಕೇಳುತ್ತೇನೆ. ಚಿತ್ರಪುಸ್ತಕದ ಮುಖಪುಟದಲ್ಲಿ ಬರಹಗಾರರ ಹೆಸರು ಎಷ್ಟು ದೊಡ್ಡದಿದೆಯೋ ಕಲಾವಿದರ ಹೆಸರೂ ಅಷ್ಟೇ ದೊಡ್ಡದಿರಲಿ. ಚಿತ್ರಕ್ಕೆ ಇಷ್ಟು ಎಂದು ಒಮ್ಮೆ ಕೊಟ್ಟು ಕೈತೊಳೆದುಕೊಳ್ಳುವ ಬದಲು ಗೌರವಧನದಲ್ಲಿ ಸಮಪಾಲು ಇರಲಿ. ಕಥೆ ಪೂರ್ತಿ ಅಂತಿಮವಾದ ಮೇಲೆ ಹದಿನೈದು ದಿನದ ಗಡುವಿನಲ್ಲಿ ಚಿತ್ರ ಕೇಳಬೇಡಿ. ಕಥೆ ಹಸಿಯಾಗಿರುವಾಗಲೇ ಕಲಾವಿದರನ್ನು ಕರೆಯಿರಿ.

ಕೊನೆಯದು ಮೂಲಚಿತ್ರಗಳ ವಿಚಾರ. ಅಮೆರಿಕದ ಆಮ್‌ಹರ್ಸ್ಟ್ ಊರಿನಲ್ಲಿ 2002ರಿಂದ ಎರಿಕ್ ಕಾರ್ಲ್ ಹೆಸರಿನ ಚಿತ್ರಪುಸ್ತಕ ಕಲೆಯ ಮ್ಯೂಸಿಯಂ ಇದೆ. ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನಲ್ಲಿ ಮಕ್ಕಳ ಪುಸ್ತಕಗಳಿಗೇ ಮೀಸಲಾದ ಸೆವೆನ್ ಸ್ಟೋರೀಸ್ 2005ರಲ್ಲಿ ತೆರೆಯಿತು. ಕನ್ನಡದ ಮಕ್ಕಳ ಪುಸ್ತಕಗಳಿಗೆ ಬರೆದ ಎಷ್ಟೋ ಮೂಲಚಿತ್ರಗಳು ಪ್ರೆಸ್ಸಿಗೆ ಹೋದವು ವಾಪಸು ಬರಲಿಲ್ಲ. ಉಳಿದವು ಕಲಾವಿದರ ಮನೆಗಳ ಅಟ್ಟದಲ್ಲಿ ಗೆದ್ದಲಿನ ಬಾಯಿಗೆ ಹತ್ತಿರದಲ್ಲಿವೆ. ಮ್ಯೂಸಿಯಂ ಕಟ್ಟುವ ಮಾತನ್ನು ನಾನೀಗ ಆಡುತ್ತಿಲ್ಲ. ನಾವು ಸೇರಿರುವ ಈ ಗ್ರಂಥಾಲಯದಲ್ಲಿ ತೇವ ತಾಗದ ಒಂದು ಕೋಣೆ ಇದೆ, ಬೆಳಿಗ್ಗೆ ನೋಡಿ ಬಂದೆ. ಚಿತ್ರಗಳನ್ನು ಮಡಿಚದೆ ಅಡ್ಡಲಾಗಿ ಇಡಲು ಅಗಲವಾದ ಡ್ರಾಯರುಗಳ ಒಂದು ಬೀರು, ನಡುವೆ ಹಾಕಲು ಆಮ್ಲವಿಲ್ಲದ ಕಾಗದ, ಒಂದು ದಾಖಲೆ ಪುಸ್ತಕ. ದತ್ತಿಯ ಮುಂದಿನ ವರ್ಷದ ಬಡ್ಡಿಯಲ್ಲಿ ಇಷ್ಟನ್ನು ಕೊಳ್ಳಲು ಸಾಧ್ಯವೇ ಎಂದು ಈ ದತ್ತಿಯನ್ನು ಇರಿಸಿದ ಕುಟುಂಬದ ಹಿರಿಯರಲ್ಲಿ ವಿನಂತಿಸುತ್ತೇನೆ. ಅವರು ಒಪ್ಪಿದರೆ ಮೊದಲ ಡ್ರಾಯರಿಗೆ ಬೇಕಾದಷ್ಟು ಚಿತ್ರಗಳನ್ನು, ಗೀಚು ಪ್ರತಿ ಮತ್ತು ಡಮ್ಮಿಗಳ ಸಮೇತ, ನಾನೇ ತಂದು ಒಪ್ಪಿಸುತ್ತೇನೆ.